ಗೋದಾವರಿಯ ಓದಿಗಾಗಿ ನಾನು ಒಪ್ಪಿದ ಷರತ್ತು

೧೯೩೮ರಲ್ಲಿ ನಾನು ಗಂಗಾವತಿ ಮತ್ತು ಆನೆಗೊಂದಿಯ ನಡುವಿನ ಹಳ್ಳಿಗಳಲ್ಲಿ ಮನೆಪಾಠ ಹೇಳುವ ಮಾಸ್ತರನಾಗಿದ್ದೆ. ಹುಟ್ಟಿದ್ದು ಯಲಬುರ್ಗಾ ಕಡೆ. ಯಾವ ಶಾಲೆಯ ಸರ್ಟಿಫಿಕೇಟೂ ನನ್ನಲ್ಲಿರಲಿಲ್ಲ. ಗಂಗಾವತಿಯ ಕಾಳಿನ ಅಂಗಡಿಯೊಂದರಲ್ಲಿ ಚೀಲ ಹೊಲಿಯುತ್ತ, ಚೀಲದ ಮೇಲಿನ ಹೆಸರು ಓದುತ್ತ ಕನ್ನಡ ಕಲಿತವನು. ಗುಮಾಸ್ತನ ಪಕ್ಕ ಕೂತು ಉರ್ದು ಕಲಿತವನು. ನಿಜಾಮರ ಆಳ್ವಿಕೆಯ ಆ ಕಾಲದಲ್ಲಿ ಸರಕಾರಿ ಶಾಲೆಗಳ ಪಾಠವೆಲ್ಲ ಉರ್ದುವಿನಲ್ಲಿ. ಖಾಸಗಿಯಾಗಿ ಕನ್ನಡ ಶಾಲೆ ತೆಗೆಯಲು ಪರವಾನಗಿ ಬೇಕು, ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಆದರೆ ತಮ್ಮ ಮಕ್ಕಳಿಗೆ ತಮ್ಮ ಮನೆಯ ಕಟ್ಟೆಯ ಮೇಲೆ ಪಾಠ ಹೇಳಿಸಲು ಯಾರನ್ನೂ ಕೇಳಬೇಕಿರಲಿಲ್ಲ. ಆ ಸಂದಿನಲ್ಲಿ ನಾನು ಬದುಕು ಕಟ್ಟಿಕೊಂಡಿದ್ದೆ.

ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು. ಮೊದಲ ದಿನವೇ ಹೂಂ ಅನ್ನಬಾರದು. ಎಲ್ಲಿ ಕೂಡಿಸುತ್ತೀರಿ, ಎಷ್ಟು ಹೊತ್ತು, ಯಾವ ಪುಸ್ತಕ ಎಂದು ಎದುರಿಗೆ ಕೂತು ಮಾತಾಡಿ ಮುಗಿಸಬೇಕು. ಆನೆಗೊಂದಿಯ ಹತ್ತಿರದ ಒಂದು ಊರಿನಲ್ಲಿ ಹನುಮಂತಾಚಾರ್ಯರ ಮನೆಗೆ ಹೋದಾಗಲೂ ಹೀಗೆಯೇ ಮಾಡಿದೆ. ಹೊಳೆಯ ದಂಡೆಯಲ್ಲಿ ಅವರಿಗೆ ಗದ್ದೆಯಿತ್ತು, ಊರ ದೇವರ ಪೂಜೆಯೂ ಅವರದೇ. ಐದು ವರ್ಷದ ಮಗ ವೆಂಕಣ್ಣನಿಗೆ ಅಕ್ಷರ ಕಲಿಸಬೇಕಿತ್ತು. ಏಳು ವರ್ಷದ ಮಗಳು ಗೋದಾವರಿ ಬಾಗಿಲ ಹಿಂದೆ ನಿಂತು, ನಾನು ತಮ್ಮನಿಗೆ ತೋರಿಸಿದ ನಾಲ್ಕು ಅಕ್ಷರಗಳನ್ನು ನೆಲದ ಮೇಲೆ ಬೆರಳಿನಿಂದ ಬರೆಯುತ್ತಿದ್ದಳು. ಇಂಥ ಹುಡುಗಿ ನಾಲ್ಕು ಜನರ ಮುಂದೆ ಓದಿದರೆ ಹತ್ತು ಮನೆಯವರು ನನ್ನನ್ನು ಕರೆಯುತ್ತಾರೆ ಎಂದು ಅಲ್ಲೇ ಲೆಕ್ಕ ಹಾಕಿದೆ.

"ಹುಡುಗಗ ಹೇಳಿದ್ರ ಸಾಕ್ರಿ ಮಾಸ್ತರ," ಅಂದರು ಆಚಾರ್ಯರು. "ಗೋದಿಗೆ ಯಾಕ? ನಾಳೆ ಒಲಿ ಮುಂದ ಕೂಡೂಕಿ."

"ಒಲಿ ಮುಂದ ಕೂತು ಪುರಾಣ ಓದಿದ್ರ ಒಲಿ ಆರತೈತೇನ್ರಿ ಆಚಾರ್ರ?"

ಒಳಗಿನಿಂದ ಅವರ ತಾಯಿ ನಕ್ಕರು. "ಹನುಮಾ, ಈ ಮಾಸ್ತರ ಸಂತ್ಯಾಗ ಕುರುಡು ಎತ್ತು ಮಾರಿ ಬಂದಾವ ಇದ್ದಂಗಿದ್ದಾನ, ನೋಡು!"

ಮೂರು ದಿನ ಹೋದೆ, ಬಂದೆ. ಮೂರನೆಯ ದಿನ ಆಚಾರ್ಯರು ಒಪ್ಪಿದರು, ಒಂದು ಷರತ್ತಿನ ಮೇಲೆ.

"ಆಕಿನೂ ಕೂಡ್ಲಿ. ಆದ್ರ ಮನ್ಯಾಗ ಕಲಸೋದು ಅಂದ್ರ ಬರೇ ಅಕ್ಷರ ಅಲ್ಲ, ಆಚಾರನೂ ಬರಬೇಕು. ಪುಸ್ತಕ ಮುಟ್ಟೂಕಿ ಚಾತುರ್ಮಾಸ್ಯ ಪೂರಾ ಹಿಡೀಬೇಕು. ನಮ್ಮಂಗ."

ಚಾತುರ್ಮಾಸ್ಯವೆಂದರೆ ಆಷಾಢದಿಂದ ಕಾರ್ತಿಕದವರೆಗಿನ ನಾಲ್ಕು ತಿಂಗಳ ವ್ರತ. ಮೊದಲ ತಿಂಗಳು ಕಾಯಿಪಲ್ಯ, ಹಣ್ಣು ಬಿಡುತ್ತಾರೆ, ಎರಡನೆಯ ತಿಂಗಳು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ಬೇಳೆಕಾಳು. ತಿಂಗಳು ಮುಗಿದ ಮೇಲೆ ಬಿಟ್ಟದ್ದನ್ನು ಮತ್ತೆ ಉಣ್ಣಬಹುದು. ಚಿಕ್ಕ ಮಕ್ಕಳಿಗೆ ಇದರ ಕಟ್ಟೂ ಇಲ್ಲ. ಆದರೆ ಆಚಾರ್ಯರ ಮನೆಯಲ್ಲಿ ಒಮ್ಮೆ ಬಿಟ್ಟದ್ದು ಕೊನೆಯವರೆಗೂ ಬಿಟ್ಟಂತೆಯೇ. ಅಂದರೆ ನಾಲ್ಕನೆಯ ತಿಂಗಳು ಎಲೆಯ ಮೇಲೆ ಅನ್ನ, ತುಪ್ಪದ ಒಂದು ಹನಿ, ಉಪ್ಪು.

ನನಗೆ ಇದು ಗೊತ್ತಿತ್ತು. ಆದರೂ, "ನಿಮ್ಮ ಅಡಿಗಿ ನಿಮಗ ಬಿಟ್ಟದ್ರಿ. ಲೆಕ್ಕಾನೂ ಹೇಳಿಕೊಡ್ತೀನಿ, ಅದಕ್ಕ ನೀವು ಅಡ್ಡ ಬರಬಾರ್ದು," ಎಂದು ಇನ್ನೊಂದು ಮಾತು ಗಿಟ್ಟಿಸಿಕೊಂಡು ಎದ್ದೆ. ಹೊಳೆಯ ದಾರಿಯಲ್ಲಿ ನಡೆಯುವಾಗ, ನನ್ನ ಕೈಯಿಂದ ಏನೂ ಹೋಗದೆ ವ್ಯವಹಾರ ಕುದುರಿತು ಎಂದು ಖುಷಿಪಟ್ಟದ್ದು ನೆನಪಿದೆ.

ನಾನು ಬೇರೆ ಜಾತಿಯವನು. ನಾನು ಮುಟ್ಟಿದ ಪಾಟಿ ಮುಟ್ಟಿದ ಮಕ್ಕಳು ಸ್ನಾನ ಮಾಡಿಯೇ ಒಳಗೆ ಹೋಗಬೇಕು. ಹಾಗಾಗಿ ಬೆಳಗಿನ ಸ್ನಾನಕ್ಕೆ ಮೊದಲೇ, ಬೆಳಕು ಹರಿಯುವ ಹೊತ್ತಿಗೆ, ಕಟ್ಟೆಯ ಮೇಲೆ ಪಾಠ. ಇದ್ದದ್ದು ಒಂದೇ ಪುಸ್ತಕ. ನಾನು ಶಬ್ದದ ಮೇಲೆ ಬೆರಳಿಟ್ಟು ಹೇಳುವುದು, ಮಕ್ಕಳು ಬೆರಳಿಟ್ಟು ತಿರುಗಿ ಹೇಳುವುದು. ಗೋದಿ ಎರಡು ಸಲ ಕೇಳಿದರೆ ಮುಗಿಯಿತು. ಶ್ರಾವಣ ಕಳೆಯುವುದರೊಳಗೆ ಕಾಗುಣಿತ ಬಂತು, ಇಪ್ಪತ್ತರ ಮಗ್ಗಿ ಬಂತು. ವೆಂಕಣ್ಣನನ್ನು ಅಜ್ಜಿ ವ್ರತಕ್ಕೆ ಹಚ್ಚಲಿಲ್ಲ. ಗಂಡು ಕೂಸು, ಸಣ್ಣದು ಎಂದು ಹಾಲು ಕೊಡುತ್ತಿದ್ದರಂತೆ. ಗೋದಿ ಮಾತ್ರ ಹಿರಿಯರಂತೆ ನೇಮ ಹಿಡಿದಿದ್ದಳು.

ಭಾದ್ರಪದದಲ್ಲಿ ಆಕೆಗೆ ದಡಾರ ಬಂತು. ಹತ್ತು ದಿನ ಪಾಠಕ್ಕೆ ಬರಲಿಲ್ಲ. ಬಂದಾಗ ಕುತ್ತಿಗೆಯ ಎಲುಬು ಕಾಣುತ್ತಿತ್ತು. ಗೋಡೆ ಹಿಡಿದುಕೊಂಡು ಕಟ್ಟೆಗೆ ಬಂದಳು.

"ಯಾಕವಾ, ಇನ್ನಾ ನಿದ್ದಿಗಣ್ಣಾಗ ಅದೀಯೇನು?" ಅಂದೆ.

"ಇಲ್ರಿ ಮಾಸ್ತರ. ಇನ್ನಾ ಬೆಳಕಾಗಿಲ್ಲಲ್ರಿ."

ಬೆಳಕಾಗಿತ್ತು. ಎದುರಿನ ಗುಂಡುಕಲ್ಲಿನ ಗುಡ್ಡ ನನಗೆ ಚೆನ್ನಾಗಿ ಕಾಣುತ್ತಿತ್ತು. ಅಲ್ಲಿಯೇ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆಕೆಯ ಬೆರಳು ಸಾಲು ಬಿಟ್ಟು ಹೋದಾಗ ಹಿಡಿದು ಸಾಲಿನ ಮೇಲೆ ಇಟ್ಟೆ. ಮರುದಿನವೂ ಇಟ್ಟೆ. ಬಾಯಿಪಾಠ ಸರಿಯಾಗಿ ಬರುತ್ತಿತ್ತಲ್ಲ, ಅಷ್ಟರಿಂದ ನನಗೆ ಸಮಾಧಾನ. ವ್ರತ ಮುಗಿಯುವ ದಿನ ನೆಂಟರ ಮುಂದೆ ಆಕೆಯನ್ನು ಓದಿಸುವುದೆಂದು ನಿಶ್ಚಯವಾಗಿತ್ತು. ಆ ದಿನದ ಮೇಲೇ ನನ್ನ ಕಣ್ಣು.

ಕಾರ್ತಿಕ ದ್ವಾದಶಿಯ ಬೆಳಿಗ್ಗೆ ಪಡಸಾಲೆಯಲ್ಲಿ ಹದಿನೈದಿಪ್ಪತ್ತು ಜನ ಕೂತಿದ್ದರು. ನಾನು ಬಾಗಿಲಾಚೆ, ಕಟ್ಟೆಯ ಮೇಲೆ. ಗೋದಿ ಪುಸ್ತಕದ ಮೇಲೆ ಬೆರಳಿಟ್ಟು ಹನ್ನೆರಡು ಸಾಲು ಗಡಗಡ ಓದಿದಳು. ಜನ ಭೇಷ್ ಅಂದರು. ಹೊಸಪೇಟೆಯ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದ ಆಕೆಯ ಸೋದರಮಾವ ಚೇಷ್ಟೆಯ ಮನುಷ್ಯ. ಕಿಸೆಯಿಂದ ಒಂದು ಕಾಗದ ತೆಗೆದು ಆಕೆಯ ಕೈಗಿಟ್ಟ.

"ಮಾಸ್ತರ ಕಲಿಸಿದ್ದು ಓದಿದಿ. ಈಗ ನಿಮ್ಮ ಅತ್ತಿ ನನಗ ಬೈದು ಬರದದ್ದು ಓದು ನೋಡೋಣ!"

ಗೋದಿ ಕಾಗದದ ಮೇಲೆ ಬೆರಳಿಟ್ಟಳು. ಅದೇ ಪಾಠವನ್ನು ಮೊದಲಿನಿಂದ ಹೇಳತೊಡಗಿದಳು.

ಎಲ್ಲರೂ ನಕ್ಕರು. ಮಾವನೂ ನಕ್ಕ. ಐದನೆಯ ಸಾಲಿಗೆ ಬರುವ ಹೊತ್ತಿಗೆ ಆತ ನಗು ನಿಲ್ಲಿಸಿ ಆಕೆಯ ಗದ್ದ ಹಿಡಿದು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದ. ಕಣ್ಣುಗಳಲ್ಲಿ ಪಸೆಯೇ ಇರಲಿಲ್ಲ. ಬಲಗಣ್ಣಿನ ಕರಿಗುಡ್ಡೆಯ ಮೇಲೆ ಗಂಜಿಯ ಕೆನೆಯಂಥ ಬಿಳಿ.

"ಎಷ್ಟ ದಿನಾ ಆತು?" ಎಂದು ಆತ ಕೇಳಿದ. ಅಡುಗೆಮನೆಯ ಬಾಗಿಲಿನಿಂದ ಗೋದಿಯ ತಾಯಿ ರಾಧಾಬಾಯಿ, "ಸಂಜಿ ಆದ್ರ ಎಡವತಿದ್ಲು. ದಡಾರ ಬಂದು ಹೋದ ಮ್ಯಾಲೆ ಹಗಲಿಗೂ ತಡವರಸತಿದ್ಲು. ಅಪ್ಪಗ ಹೇಳಬ್ಯಾಡ, ಓದು ಬಿಡಸ್ತಾರ ಅಂತ ನನ್ನ ಕಾಲು ಹಿಡಕೊಂಡು ಅತ್ಲು," ಅಂದಳು.

ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ಹೊಳೆ ದಾಟಿ, ಗಾಡಿ ಹಿಡಿದು ಹೊಸಪೇಟೆಯ ಆಸ್ಪತ್ರೆ ಮುಟ್ಟಿದೆವು. ನಾನೂ ಹೋದೆ, ಬರಬೇಡ ಎನ್ನುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. ಇದು ಇರುಳುಗುರುಡಿನಿಂದ ಶುರುವಾಗುವ ರೋಗ ಎಂದರು ಡಾಕ್ಟರು. ಹಾಲು, ಸೊಪ್ಪು, ತಪ್ಪಲುಪಲ್ಯದಲ್ಲಿ ಇರುವ ವಿಟಮಿನ್ ಎ ಮೈಗೆ ಸಿಗದಿದ್ದರೆ ಮೊದಲು ಮಬ್ಬಿನಲ್ಲಿ ಕಾಣುವುದಿಲ್ಲ, ಕಣ್ಣು ಒಣಗುತ್ತದೆ. ಮೇಲೆ ದಡಾರ ಬಂದರೆ ಗುಡ್ಡೆಯೇ ಕರಗುತ್ತದೆ. ಬಲಗಣ್ಣು ಹೋಗಿತ್ತು. ಎಡಗಣ್ಣಿಗೆ ಔಷಧಿ ಇತ್ತು, ಅಂದೇ ಶುರು ಮಾಡಬೇಕಿತ್ತು. ಆ ಔಷಧಿ ಮೀನಿನ ಎಣ್ಣೆ.

ಆಚಾರ್ಯರು ಸೀಸೆಯತ್ತ ನೋಡಿ ಹೊರಗೆ ಹೋಗಿಬಿಟ್ಟರು. ಅವರೂ ರಾಧಾಬಾಯಿಯೂ ಮಗಳೊಡನೆ ಇಳಿದಿದ್ದ ಛತ್ರದಲ್ಲಿ ಎರಡು ದಿನ ನಾನು ಅವರ ಬೆನ್ನು ಬಿಡಲಿಲ್ಲ. ಔಷಧಕ್ಕೆ ದೋಷವಿಲ್ಲ ಎಂದೆ. ಆಮೇಲೆ ಪ್ರಾಯಶ್ಚಿತ್ತ ಮಾಡಿಸಿರಿ ಎಂದೆ. ಕಡೆಗೆ, "ಪಾಪ ನನ್ನ ತಲಿಮ್ಯಾಲೆ ಬರ್ಲಿ, ಕೊಡಸ್ರಿ," ಎಂದೆ.

"ಪಾಪಕ್ಕ ಗಿರಾಕಿ ಹುಡುಕಬ್ಯಾಡ್ರಿ ಮಾಸ್ತರ," ಅಂದರು. "ಇದು ಸಂತಿ ಅಲ್ಲ."

ಮೂರನೆಯ ದಿನ ಬೆಳಿಗ್ಗೆ ರಾಧಾಬಾಯಿ ತಾನೇ ಆಸ್ಪತ್ರೆಗೆ ಹೋಗಿ ಸೀಸೆ ಇಸಿದುಕೊಂಡು ಬಂದಳು. ಗಂಡನ ಎದುರಿಗೇ ಕೂತು ಮಗಳ ಬಾಯಿಗೆ ಚಮಚ ಹಿಡಿದಳು. "ಬೇಕಾದ್ರ ನಾಳಿಂದ ನನ್ನನ್ನ ಅಡಿಗಿಮನಿಗೆ ಬಿಟ್ಟುಕೋಬ್ಯಾಡ್ರಿ," ಅಂದಳು. ಆಚಾರ್ಯರು ಮುಖ ತಿರುಗಿಸಿದರು, ತಡೆಯಲಿಲ್ಲ. ಅವರು ಅಳುತ್ತಿದ್ದುದನ್ನು ನಾನು ನೋಡಿದೆ.

ಎಡಗಣ್ಣು ಅರ್ಧ ಉಳಿಯಿತು. ಬಾಗಿಲು ಎಲ್ಲಿದೆ, ಎದುರಿಗೆ ಬಂದವರು ಗಂಡೋ ಹೆಣ್ಣೋ ಎಂಬಷ್ಟು ಕಾಣುತ್ತಿತ್ತು. ಅಕ್ಷರ ಕಾಣುತ್ತಿರಲಿಲ್ಲ. ಬಂದ ದಿನವೇ ಶುರು ಮಾಡಿದ್ದರೆ ಓದುವಷ್ಟು ಉಳಿಯುತ್ತಿತ್ತು ಎಂದು ಡಾಕ್ಟರು ನನ್ನೊಬ್ಬನಿಗೇ ಹೇಳಿದರು. ಅದನ್ನು ನಾನು ಆ ಮನೆಯವರಿಗೆ ಹೇಳಲಿಲ್ಲ. ಆ ಮನೆಯ ಪಾಠವೂ ಅಲ್ಲಿಗೆ ನಿಂತಿತು.

ಆಮೇಲೂ ಬಹಳ ವರ್ಷ ಮಾಸ್ತರಿಕೆ ಮಾಡಿದೆ. ಮಕ್ಕಳಿಗೆ ಮನೆಯಲ್ಲೇ ಕಲಿಸಲು ಹೊರಟವರು ಇಂದಿಗೂ ನನ್ನ ಹತ್ತಿರ ಬಂದು ಕೇಳುತ್ತಾರೆ. ವಾರಕ್ಕೊಮ್ಮೆ ಮಗು ಎಂದೂ ನೋಡದ ಹಾಳೆಯನ್ನು ಅದರ ಕೈಗೆ ಕೊಡಿ ಎನ್ನುತ್ತೇನೆ. ಮಬ್ಬು ಬೆಳಕಿನಲ್ಲಿ ಅದು ನಡೆದಾಡುವುದನ್ನು ನೋಡಿ, ಏನು ಉಂಡಿತು ಎಂದು ಕೇಳಿ. ಮನೆಯೊಳಗೇ ಬೆಳೆಯುವ ಮಗುವನ್ನು ಹೊರಗಿನವರೊಬ್ಬರು ಆಗಾಗ ಬಂದು ನೋಡುತ್ತಿರಲಿ. ಇನ್ನು ಮಾಸ್ತರರಿಗೆ ಹೇಳುವುದಿಷ್ಟೆ: ಚೌಕಾಶಿ ಮಾಡುವಾಗ ನೀವು ಬಿಟ್ಟುಕೊಡುತ್ತಿರುವುದು ಯಾರದು ಎಂದು ಒಮ್ಮೆ ನೋಡಿಕೊಳ್ಳಿ. ಆ ದಿನ ಕಟ್ಟೆಯ ಮೇಲೆ ನಾನು ಧಾರಾಳವಾಗಿ ಬಿಟ್ಟುಕೊಟ್ಟದ್ದು ಏಳು ವರ್ಷದ ಹುಡುಗಿಯ ಹಾಲು, ಪಲ್ಯ. ಆಕೆ ಬಾಗಿಲ ಹಿಂದೆಯೇ ನಿಂತಿದ್ದಳು. ಆಕೆಯನ್ನು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.