ಉಲ್ಲೇಖದಲ್ಲಿ ಬರೆದ ಹೆಸರು

ಮಾನ್ಯ ಓದುಗರಲ್ಲಿ ಮೊದಲಾಗಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ಲೇಖಕನಲ್ಲ. ಪ್ರಬಂಧ ಎಂಬುದನ್ನು ಈ ವಯಸ್ಸಿನಲ್ಲಿ ಮೊದಲ ಬಾರಿಗೆ ಬರೆಯುತ್ತಿದ್ದೇನೆ. ನನಗೆ ರೂಢಿಯಿರುವುದು ಕಚೇರಿಯ ಪತ್ರದ ಬರವಣಿಗೆ ಒಂದೇ. ಆದ್ದರಿಂದ ನನ್ನ ವಾಕ್ಯಗಳು ಅಲ್ಲಲ್ಲಿ ಅರ್ಜಿದಾರರಂತೆ ಕೈಕಟ್ಟಿ ನಿಂತರೆ ತಾವು ಮನ್ನಿಸಬೇಕು.

ಹೋದ ಭಾನುವಾರ ಹಿತ್ತಲ ಬಾಗಿಲಿನ ಬೀಗ ತುಕ್ಕು ಹಿಡಿದು ತೆರೆಯದಾಯಿತು. ಅರಿವೆಯ ಚೂರನ್ನು ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಅದ್ದಿ ಉಜ್ಜುತ್ತ ಕುಳಿತೆ. ಬೀಗವೇನೋ ತೆರೆಯಿತು, ಕೈಗೆ ಹತ್ತಿದ ವಾಸನೆ ಮಾತ್ರ ಸಾಬೂನಿಗೂ ಬಗ್ಗಲಿಲ್ಲ. ಊಟಕ್ಕೆ ಕುಳಿತು ರೊಟ್ಟಿ ಮುರಿದರೆ ರೊಟ್ಟಿಗೂ ಅದೇ ವಾಸನೆ. ತಟ್ಟೆಯನ್ನು ದೂಡಿ ಎದ್ದುಬಿಟ್ಟೆ. ಮನೆಯವರು ಇದನ್ನು ರೊಟ್ಟಿಯ ಮೇಲಿನ ಸಿಟ್ಟೆಂದು ತಿಳಿದು ಬೇಸರಪಟ್ಟರು. ಆ ಸಿಟ್ಟಿಗೂ ರೊಟ್ಟಿಗೂ ಸಂಬಂಧವಿಲ್ಲ. ಅದು ಅರವತ್ತರ ದಶಕದ ಮೊದಲ ವರ್ಷಗಳದ್ದು, ಮತ್ತು ಅದರ ದೊಡ್ಡ ಪಾಲು ನನ್ನ ಮೇಲಿನದೇ.

ಆಗ ಹಳಿಯಾಳದಿಂದ ನಾಲ್ಕು ಪುಟದ ವಾರಪತ್ರಿಕೆಯೊಂದು ಹೊರಡುತ್ತಿತ್ತು. ಸಂಪಾದಕರನ್ನು ಊರೆಲ್ಲ ಮಾಸ್ತರರೆಂದೇ ಕರೆಯುತ್ತಿತ್ತು. ಅವರು ಶಾಲೆಯ ನೌಕರಿ ಬಿಟ್ಟು, ಯಾವ ಪಕ್ಷಕ್ಕೂ ಯಾವ ಸಾಹುಕಾರನಿಗೂ ಸೇರದ ಪತ್ರಿಕೆ ನಡೆಸುತ್ತೇನೆಂದು ಹಟ ತೊಟ್ಟು ಕುಳಿತವರು. ಮುಂದಿನ ಕೋಣೆಯಲ್ಲಿ ಅವರ ಮೇಜು, ಹಿಂದಿನದರಲ್ಲಿ ಕಾಲಿನಿಂದ ತುಳಿಯುವ ಅಚ್ಚಿನ ಯಂತ್ರ. ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಹುಸೇನಸಾಬ ಪ್ರತಿ ವಾರ ಮಸಿ ಹಿಡಿದ ಮೊಳೆಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆಯುತ್ತಿದ್ದ. ದಾಂಡೇಲಿ, ಮುಂಡಗೋಡ, ಈಗ ಜೋಯಿಡಾ ಎನ್ನಲಾಗುವ ಆಗಿನ ಸೂಪಾ, ಎಲ್ಲ ಕಡೆಗೆ ಹೋಗುತ್ತಿದ್ದ ಪತ್ರಿಕೆಗೂ ಅದೇ ವಾಸನೆ ಇರುತ್ತಿತ್ತು.

ನಾನು ಅಲ್ಲಿಗೆ ಬರುವ ಮೊದಲು ಒಂದು ಕಚೇರಿಯಲ್ಲಿ ಹಂಗಾಮಿ ಕಾರಕೂನನಾಗಿದ್ದೆ. ಪತ್ರಗಳ ನಕಲು ಮಾಡುವುದಷ್ಟೇ ನನ್ನ ಕೆಲಸ. ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ, ಆಮೇಲೆ ಒಕ್ಕಣೆ. ಮಾಹಿತಿ ಎಲ್ಲಿಂದ ಬಂತು, ಯಾರಿಂದ ಬಂತು ಎಂಬುದನ್ನು ಉಲ್ಲೇಖದಲ್ಲಿ ಕಾಣಿಸದ ಪತ್ರವನ್ನು ಯಾವ ಅಧಿಕಾರಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ನನಗೆ ಕಲಿಸಲಾಗಿತ್ತು. ಹಂಗಾಮಿ ಮುಗಿದು ಹೊರಬಿದ್ದಾಗ ಮಾಸ್ತರರು ನನ್ನ ಅಕ್ಷರ ನೋಡಿ ಕೆಲಸ ಕೊಟ್ಟರು. "ಕಾರಕೂನಸಾಹೇಬ್ರ, ಮೊನ್ನಿ ಸತ್ತವರ ಸುದ್ದಿಗೂ 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಅಂತ ಬರದೀರಿ. ಸತ್ತಾಂವ ಎದ್ದು ಸಹಿ ಮಾಡಬೇಕೇನ್ರಿ?" ಎಂದು ಹುಸೇನಸಾಬ ಚುಡಾಯಿಸುತ್ತಿದ್ದ. ನನಗೆ ಕೋಪ ಬರುತ್ತಿತ್ತು, ಒಕ್ಕಣೆ ಬದಲಾಗುತ್ತಿರಲಿಲ್ಲ.

ಮಾಸ್ತರರ ಮೇಜಿನ ಮೇಲೆ ಲಗ್ನಪತ್ರಿಕೆಯ ಮಾದರಿಗಳಿದ್ದ ತಗಡಿನ ಡಬ್ಬಿಯೊಂದಿತ್ತು. ಯಾರಾದರೂ ಗುಟ್ಟಿನ ಸುದ್ದಿ ಹೇಳಲು ಬಂದರೆ ಮೊದಲು ಡಬ್ಬಿ ತೆರೆಯಬೇಕು, ಒಂದೊಂದೇ ಪತ್ರಿಕೆ ಕೈಗೆತ್ತಿ ನೋಡುತ್ತ ಮಾತಾಡಬೇಕು. ಬೀದಿಯಿಂದ ನೋಡಿದವರಿಗೆ ಮಗಳ ಲಗ್ನದ ಗಡಿಬಿಡಿಯಲ್ಲಿರುವ ತಂದೆ ಕಾಣುತ್ತಿದ್ದ. ಹೇಳಿದವರ ಹೆಸರನ್ನು ಮಾಸ್ತರರು ಬರೆದಿಟ್ಟುಕೊಳ್ಳುತ್ತಿರಲಿಲ್ಲ, ಹುಸೇನಸಾಬನಿಗೂ ನನಗೂ ಹೇಳುತ್ತಿರಲಿಲ್ಲ. ಯಾರ ಮೇಲೆ ಆಪಾದನೆ ಬಂದಿದೆಯೋ ಅವರಿಗೆ ಪತ್ರ ಬರೆದು, ಅವರ ಉತ್ತರಕ್ಕೆ ಕಾದು, ನಂತರವೇ ಅಚ್ಚು ಹಾಕುತ್ತಿದ್ದರು. ಎರಡನೆಯ ಪದ್ಧತಿ ನನ್ನಂಥ ಕಾಗದದ ಮನುಷ್ಯನಿಗೆ ಬಹಳ ಒಪ್ಪಿಗೆಯಾಗಿತ್ತು. ಮೊದಲನೆಯದು ಮಾತ್ರ ಕಡತವಿಲ್ಲದ ಕಚೇರಿಯ ಅಶಿಸ್ತಿನಂತೆ ತೋರುತ್ತಿತ್ತು.

ಒಂದು ಸಂತೆಯ ದಿನ ಮಧ್ಯಾಹ್ನ ಒಬ್ಬರು ಬಂದು ಡಬ್ಬಿಯ ಮುಂದೆ ಕುಳಿತರು. ದಾಂಡೇಲಿಯ ಆಚೆ ಮರ ಕಡಿಯುವ ಬಿಡಾರಗಳಲ್ಲಿ ದುಡಿಯುವವರು ಎಂಬುದಕ್ಕಿಂತ ಹೆಚ್ಚಿನ ವಿವರವನ್ನು ನಾನು ಕೊಡಲಾರೆ. ಅಂಥವರು ಆಗ ನೂರಾರು ಜನರಿದ್ದರು. ಅವರ ಜಾತಿ, ಮೈಬಣ್ಣ, ದೇವರು, ಊರು ಯಾವುದನ್ನೂ ಬರೆಯುವುದಿಲ್ಲ. ಅವರು ಯಾವ ಭಾಷೆಯಲ್ಲಿ ಮಾತಾಡಿದರೆಂಬುದನ್ನೂ ತಿಳಿಸುವುದಿಲ್ಲ, ಮಾತುಗಳನ್ನು ನಮ್ಮ ಹಳಿಯಾಳದ ಆಡುನುಡಿಗೆ ತಂದಿದ್ದೇನೆ.

ಕಡಿಯಬಹುದಾದ ಮರಕ್ಕೆ ಮಾತ್ರ ಅರಣ್ಯ ಅಧಿಕಾರಿ ತನ್ನ ಗುರುತಿನ ಸುತ್ತಿಗೆಯಿಂದ ಹೊಡೆದು ಮುದ್ರೆ ಒತ್ತಬೇಕು. ಆ ಸುತ್ತಿಗೆ ಅಧಿಕಾರಿಯ ಪೆಟ್ಟಿಗೆ ಬಿಟ್ಟು ಹೊರಗೆ ಇರಕೂಡದು. ಅದು ಗುತ್ತಿಗೆದಾರನ ಬಿಡಾರದಲ್ಲಿದೆ ಎಂಬುದೇ ಅವರು ತಂದ ಸುದ್ದಿ.

"ಮೊದಲ ಮರಾ ಬೀಳತೈತ್ರಿ, ಆಮ್ಯಾಲ ಸುತಗಿ ಬೀಳತೈತಿ. ಮನಸಿಗೆ ಬಂದ ಮರಾ. ನಾನ ಕಣ್ಣಾರೆ ನೋಡೇನಿ," ಎಂದರು. "ಆದರ ನನ್ನ ಹೆಸರ ಎಲ್ಲೂ ಬರಬಾರದರಿ. ಗುಡಸಲಾನೂ ಅವರದ, ಕೂಲೀನೂ ಅವರದ."

"ನಿನ್ನ ಹೆಸರ ನನಗೇನ ಗೊತ್ತಪಾ? ನೀ ಲಗ್ನಪತ್ರಿಕಾ ನೋಡಾಕ ಬಂದಿ, ಬಣ್ಣ ಮನಸಿಗೆ ಬರಲಿಲ್ಲ, ಎದ್ದ ಹೋದಿ," ಎಂದರು ಮಾಸ್ತರರು.

"ನನಗ ಮಗಳ ಇಲ್ಲರೀ."

"ಮಗಳಿದ್ದವರು ಯಾರೂ ಆ ಡಬ್ಬಿ ಮುಟ್ಟಿಲ್ಲ ಬಿಡ್ರಿ," ಎಂದ ಹುಸೇನಸಾಬ ಒಳಗಿನಿಂದ. ಆ ಮನುಷ್ಯ ನಕ್ಕರು. ನಾನು ಅವರ ನಗೆಯನ್ನು ಕಂಡದ್ದು ಅದೊಂದೇ ಸಲ.

ಅವರು ಮೆಟ್ಟಿಲಿಳಿಯುವಾಗ ನಾನು ಹಿಂದೆಯೇ ಹೋಗಿ, ಜೇಬಿನ ವಹಿ ತೆಗೆದು, "ಪೂರ್ತಿ ಹೆಸರೇನ್ರಿ?" ಎಂದು ಕೇಳಿದೆ. ಅವರು ತಮ್ಮ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರನ್ನೂ ಹೇಳಿದರು. ಮಾಸ್ತರರ ಮನುಷ್ಯನೆಂದು ನನ್ನನ್ನು ನಂಬಿದರು.

ಮರುದಿನ ಮಾಸ್ತರರು ಓದುಗರನ್ನು ಕಾಣಲು ಮುಂಡಗೋಡಕ್ಕೆ ಹೊರಟರು. ಹೊರಡುವಾಗ, "ಆ ಅಧಿಕಾರಿಗೆ ಒಂದ ಪತ್ರಾ ಬರಿ. ಸುತಗಿ ಎಲ್ಲೈತಿ ಅಂತ ಕೇಳು. ಎರಡ ಸಾಲ ಸಾಕು," ಎಂದರು. ನಾನು ಎರಡು ಪುಟ ಬರೆದೆ. ವಿಷಯ ಬರೆದೆ. ಅದರ ಕೆಳಗೆ, ಅಂಚು ಬಿಟ್ಟು, ಅಡಿಗೆರೆ ಎಳೆದು, ಉಲ್ಲೇಖ ಬರೆದೆ: ತಮ್ಮ ವ್ಯಾಪ್ತಿಯ ಕೂಲಿ ಕೆಲಸಗಾರರಾದ ಶ್ರೀ ಇಂಥವರು ಈ ಕಾರ್ಯಾಲಯಕ್ಕೆ ಖುದ್ದು ಹಾಜರಾಗಿ ನೀಡಿದ ಮೌಖಿಕ ಹೇಳಿಕೆ. ಮೂರೂ ಹೆಸರುಗಳನ್ನು ತಪ್ಪಿಲ್ಲದೆ ಬರೆದೆ. ಪತ್ರವನ್ನು ರಜಿಸ್ಟರ್ ಮಾಡಿಸಿ, ನಕಲನ್ನು ಕಡತಕ್ಕೆ ಹಚ್ಚಿ, ಇಂದು ಈ ಪತ್ರಿಕೆ ಒಂದು ಶಿಸ್ತಿಗೆ ಬಂತೆಂದು ಹೆಮ್ಮೆಪಟ್ಟೆ.

ಮಾಸ್ತರರು ನಾಲ್ಕನೆಯ ದಿನ ಮರಳಿ ಬಂದು ನಕಲು ಓದಿದರು. ಇನ್ನೊಮ್ಮೆ ಓದಿದರು.

"ಇದು ಹೋತೇನು?"

"ಅವತ್ತ ಹೋತ್ರಿ. ಪೋಸ್ಟಿನ ಪಾವತಿ ಐತ್ರಿ."

"ಪಾವತಿ ಜ್ವಾಕಿ ಇಟ್ಕೋ," ಎಂದು ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

ಹುಸೇನಸಾಬ ಕೈ ಒರೆಸಿಕೊಳ್ಳುತ್ತ ಬಂದು ನಕಲಿನ ಮೇಲೆ ಕಣ್ಣಾಡಿಸಿದ. "ಒಬ್ಬನ್ನ ಹಿಡಿದ ಕೊಡಾಕ ಇಷ್ಟ ಚಂದ ಅಕ್ಷರದಾಗ ಯಾರೂ ಬರದಿರಾಕಿಲ್ಲ, ಕಾರಕೂನಸಾಹೇಬ್ರ," ಎಂದ. ಆ ಸಲ ಅವನು ಚುಡಾಯಿಸುತ್ತಿರಲಿಲ್ಲ.

ಮಾಸ್ತರರೂ ನಾನೂ ಮರುಬೆಳಗಿನ ಮೊದಲ ಬಸ್ಸಿಗೆ ದಾಂಡೇಲಿಗೆ ಹೋಗಿ, ಅಲ್ಲಿಂದ ಬಹಳ ದೂರ ನಡೆದೆವು. ಗುಡಿಸಲಿನ ಮೇಲಿನ ಹುಲ್ಲನ್ನು ಎಳೆದು ಅಂಗಳಕ್ಕೆ ಚೆಲ್ಲಲಾಗಿತ್ತು. ಬಿದಿರಿನ ಹಂದರದ ಕೆಳಗೆ ಆ ಮನುಷ್ಯ ಪಾತ್ರೆಗಳನ್ನು ಕಂಬಳಿಯಲ್ಲಿ ಕಟ್ಟುತ್ತಿದ್ದರು. ಅವರ ಹೆಂಡತಿ ನಮ್ಮತ್ತ ತಿರುಗಿ ನೋಡಲಿಲ್ಲ.

"ಮಧ್ಯಾನದೊಳಗ ಹೋಗು ಅಂದಾರ್ರಿ," ಎಂದು ಅವರು ಗಂಟು ಬಿಗಿಯುತ್ತಲೇ ಹೇಳಿದರು. "ಸಾಹೇಬ್ರೂ ಗುತ್ತಿಗಿದಾರನೂ ಎಲ್ಲಾರ ಮುಂದ ಕರದು ಕಾಗದಾ ಓದಿದರು. ನನಗ ಓದಾಕ ಬರಂಗಿಲ್ಲ. 'ಇಲ್ನೋಡು, ನಿನಗ ಶ್ರೀ ಅಂತ ಹಚ್ಚ್ಯಾರ' ಅಂತ ಬೊಟ್ಟ ಇಟ್ಟು ತೋರಿಸಿ ನಕ್ಕರು." ಆಮೇಲೆ ನನ್ನ ಕಡೆ ನೋಡಿದರು. "ನೀವ ಬರದದ್ದೇನ್ರಿ?"

ಹೌದೆಂದೆ.

"ನೀವು ಪೂರ್ತಿ ಹೆಸರ ಕೇಳಿದಾಗ ನನಗ ಖುಷಿ ಆಗಿತ್ತರಿ. ಅಲ್ಲೀ ತನಕಾ ಯಾರೂ ಕೇಳಿರಲಿಲ್ಲ."

ಮಾಸ್ತರರು ಕೈಜೋಡಿಸಿ, "ಹಳಿಯಾಳಕ್ಕ ಬರ್ರಿ. ಇರಾಕ ಜಾಗಾ, ಮಾಡಾಕ ಕೆಲಸಾ ನಾ ನೋಡತೇನಿ," ಎಂದರು. ಹಿಂದೆ ನೀನು ಎಂದಿದ್ದವರು ಆಗ ಬಹುವಚನಕ್ಕೆ ಏರಿದ್ದರು.

"ಬ್ಯಾಡ್ರಿ ಮಾಸ್ತರ. ಅಲ್ಲಿ ಬಂದ್ರ ಮತ್ತ ಯಾರರ ಹೆಸರ ಕೇಳತಾರ." ಅವರು ಗಂಟು ಹೊತ್ತು, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ನಡೆದರು. ಯಾವ ದಿಕ್ಕಿಗೆಂದು ಹೇಳುವುದಿಲ್ಲ.

ಅಧಿಕಾರಿಯ ಉತ್ತರ ಮುಂದಿನ ವಾರ ಬಂತು. ವಿಷಯ ಇತ್ತು, ಉಲ್ಲೇಖ ಇತ್ತು, ಒಕ್ಕಣೆ ನನ್ನದಕ್ಕಿಂತ ಚೆನ್ನಾಗಿತ್ತು. ತಾವು ಉಲ್ಲೇಖಿಸಿದ ಹೆಸರಿನ ಯಾವ ಕೆಲಸಗಾರರೂ ಈ ವ್ಯಾಪ್ತಿಯಲ್ಲಿ ಇರುವುದಿಲ್ಲವಾದ್ದರಿಂದ ಸದರಿ ಮಾಹಿತಿಯು ನಿರಾಧಾರವಾಗಿದೆ ಎಂದು ತಿಳಿಯಪಡಿಸಲಾಗಿತ್ತು. ಅಕ್ಷರಶಃ ನಿಜ. ಅವರೇ ಓಡಿಸಿದ್ದರು, ಆದ್ದರಿಂದ ಇರಲಿಲ್ಲ. ಸುತ್ತಿಗೆಯ ಬಗ್ಗೆ ಒಂದಕ್ಷರವಿರಲಿಲ್ಲ. ಸುಳ್ಳನ್ನು ಇಷ್ಟು ಶುದ್ಧವಾದ ಸತ್ಯದಲ್ಲಿ ಬರೆಯಬಹುದೆಂದು ನಾನು ಅಂದು ತಿಳಿದೆ. ಅಂಥ ಪತ್ರಗಳನ್ನು ಎರಡು ವರ್ಷ ನಕಲು ಮಾಡಿದ್ದ ಬೆರಳುಗಳನ್ನು ಕಡಿದುಕೊಳ್ಳಬೇಕೆನಿಸಿತು.

ಮಾಸ್ತರರು ತಾವೇ ಕಾಡಿಗೆ ಹೋಗಿ, ಆಗಷ್ಟೇ ಕಡಿದು ಇನ್ನೂ ಗುರುತು ಬೀಳದ ಬೊಡ್ಡೆಗಳನ್ನು ನೋಡಿ ಬಂದು, ಕಣ್ಣಿಗೆ ಕಂಡದ್ದನ್ನಷ್ಟೇ ಬರೆದು ಅಚ್ಚು ಹಾಕಿದರು. ಅದರ ಕೆಳಗೆ ಎರಡು ಸಾಲು ಸೇರಿಸಿದರು: ಈ ವಿಚಾರಣೆಯಲ್ಲಿ ನಮ್ಮಿಂದ ಒಬ್ಬರ ಬದುಕಿಗೆ ಹಾನಿಯಾಗಿದೆ, ತಪ್ಪು ಸಂಪಾದಕನದು. ತಪ್ಪು ನನ್ನದೆಂದು ಹಾಕಿರೆಂದು ನಾನು ಕೇಳಿಕೊಂಡಾಗ, "ನಿನ್ನ ಹೆಸರರ ಯಾಕ ಬರೀಬೇಕು?" ಎಂದರು. ಅವರು ನನ್ನನ್ನು ಬೈದಿದ್ದರೆ ಇಂದು ನನ್ನ ಸಿಟ್ಟು ಸ್ವಲ್ಪವಾದರೂ ಕಡಿಮೆಯಿರುತ್ತಿತ್ತು.

ಊರು ಮೆಚ್ಚಿತು. ಅಧಿಕಾರಿಗೆ ವರ್ಗವಾಯಿತು, ಹಾರ ಹಾಕಿ ಬೀಳ್ಕೊಟ್ಟರು. ಗುತ್ತಿಗೆದಾರ ಬೇರೆ ಕಡೆ ಕಡಿಯತೊಡಗಿದ. ಚಹಾದ ಅಂಗಡಿಯಲ್ಲಿ ಒಬ್ಬ ಸಭ್ಯ ಗೃಹಸ್ಥರು ನನ್ನ ಬೆನ್ನು ತಟ್ಟಿ, "ಭಾರಿ ಕೆಲಸಾ ಮಾಡಿದ್ರಿ. ಆ ಕೂಲಿಯವನ ಚಿಂತಿ ಬಿಡ್ರಿ, ಅಂಥವರಿಗೆ ಕಾಡ ಎಲ್ಲಾ ಕಡೆ ಐತಿ," ಎಂದರು. ಅಂದು ಚಹಾದ ಹಣ ಇಟ್ಟು ಎದ್ದುಬಂದೆ. ಆ ಗೃಹಸ್ಥರು ಈಗಿಲ್ಲ, ಆದರೂ ಉತ್ತರ ಕೊಡುತ್ತೇನೆ. ಕಾಡು ಎಲ್ಲ ಕಡೆ ಇತ್ತು, ಸ್ವಾಮಿ. ಅವರು ಒಲೆ ಹೂಡಿದ್ದ ಅಂಗಳ ಒಂದೇ ಕಡೆ ಇತ್ತು. ಸುದ್ದಿ ಓದಿ ನೀವು ಇನ್ನೊಂದು ಕಪ್ ಚಹಾ ತರಿಸಿದಿರಿ, ಸುದ್ದಿ ಕೊಟ್ಟವರು ತಲೆಯ ಮೇಲೆ ಗಂಟು ಹೊತ್ತು ಹೋದರು.

ಅರಿಯದೆ ಆದ ತಪ್ಪೆಂದು ನನ್ನನ್ನು ಸಮಾಧಾನಪಡಿಸಿದವರಿದ್ದಾರೆ. ಆ ಸಮಾಧಾನವನ್ನು ನಾನು ಸ್ವೀಕರಿಸಲಾರೆ. ಹೆಸರು ಬರಬಾರದೆಂದು ಅವರು ಹೇಳಿದ್ದನ್ನು ನನ್ನ ಎರಡೂ ಕಿವಿ ಕೇಳಿದ್ದವು. ಅವರ ಮಾತಿಗಿಂತ ನನ್ನ ನಮೂನೆ ದೊಡ್ಡದೆಂದು ನಾನು ತಿಳಿದಿದ್ದೆ, ಅಷ್ಟೇ.

ಇಷ್ಟನ್ನು ಬರೆದು, ಜಿಲ್ಲೆಯ ಹಳೆಯ ಪತ್ರಿಕೆಗಳ ನೆನಪಿನ ಸಂಪುಟ ತರುತ್ತಿರುವ ಮಹನೀಯರಿಗೆ ಕಳುಹಿಸಿದ್ದೆ. ನಿನ್ನೆ ಅವರ ಉತ್ತರ ಬಂದಿದೆ. ಬರಹ ಹಿಡಿಸಿದೆಯಂತೆ. ಆದರೆ ನಂಬಿಕೆಗೆ ಅರ್ಹವಾಗಬೇಕಾದರೆ ಆ ವ್ಯಕ್ತಿಯ ಹೆಸರು, ಊರು, ಸಾಧ್ಯವಾದರೆ ಒಂದು ಭಾವಚಿತ್ರ ಬೇಕಂತೆ. ಇಷ್ಟು ವರ್ಷಗಳಾದ ಮೇಲೆ ಯಾರಿಗೆ ಏನು ತೊಂದರೆ ಎಂದೂ ಕೇಳಿದ್ದಾರೆ. ತೊಂದರೆಯಿಲ್ಲವೆಂದು ಹೇಳುವ ಹಕ್ಕು ಆ ಮನುಷ್ಯರಿಗಿತ್ತು. ಅವರು ಅದನ್ನು ನನಗೆ ಬರೆದುಕೊಟ್ಟು ಹೋಗಲಿಲ್ಲ. ಅವರ ಮನೆತನದವರು ಇಂದಿಗೂ ಈ ನಾಲ್ಕು ತಾಲೂಕುಗಳಲ್ಲಿ ಒಂದರಲ್ಲಿದ್ದಾರೆ, ಅವರನ್ನೂ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಆದಕಾರಣ ಸದರಿ ಮಹನೀಯರಲ್ಲಿ ವಿನಂತಿ. ತಾವು ಬಯಸಿದ ವಿವರಗಳು ನನ್ನಲ್ಲಿವೆ. ಅವುಗಳನ್ನು ಒದಗಿಸಲಾಗುವುದಿಲ್ಲ. ಅವಿಲ್ಲದೆ ಪ್ರಕಟಿಸುವುದು ಸಾಧ್ಯವಿಲ್ಲವೆಂದಾದಲ್ಲಿ ಬರಹವನ್ನು ಹಿಂತಿರುಗಿಸಬೇಕು, ಅಂಚೆಯ ವೆಚ್ಚವನ್ನು ನಾನು ಭರಿಸುತ್ತೇನೆ.