ಕಾಯದೆ ಬರೆದ ಅರ್ಧ ಗಂಟೆ

ಪ್ರಯೋಗಾಲಯದ ನನ್ನ ವಹಿಯಲ್ಲಿ ‘ಕಾದ ಸಮಯ’ ಎಂದೊಂದು ಕಾಲಂ ಇತ್ತು. ಉಷ್ಣಾಂಶ ಏರಿಸಿದ ಪ್ರತಿಸಲ ಅರ್ಧ ಗಂಟೆ ಸುಮ್ಮನೆ ಕೂತು, ಆಮೇಲೆ ಅಳೆಯಬೇಕು. ಇದು ಎಂದೂ ತಪ್ಪಿರದ ಕಾರಣ ಬೆಳಿಗ್ಗೆ ಬಂದ ಕೂಡಲೇ ಆ ಕಾಲಂ ತುಂಬ ಮೂವತ್ತು, ಮೂವತ್ತು ಎಂದು ಬರೆದಿಟ್ಟುಬಿಡುತ್ತಿದ್ದೆ.

ನಾವು ಅಳೆಯುತ್ತಿದ್ದದ್ದು ದ್ರವಸ್ಫಟಿಕದಲ್ಲಿ ಕರಗಿಸಿದ ಒಂದು ಪುಟ್ಟ ಅಣುವನ್ನು. ದ್ರವಸ್ಫಟಿಕ ನೋಡಲು ಹಾಲಿನಂತೆ ಮಸುಕು. ದೊಡ್ಡ ಅಯಸ್ಕಾಂತದೊಳಗೆ ಇಟ್ಟರೆ ಅದರ ಕಡ್ಡಿಯಂಥ ಅಣುಗಳು ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ. ಕರಗಿದ ಅಣುವೂ ಅವುಗಳ ಸಂಗಡ ಒಂದಿಷ್ಟು ಸಾಲಿಗೆ ಬರುತ್ತದೆ. ಎಷ್ಟು ಬಂದಿದೆ ಅನ್ನುವುದನ್ನು ಯಂತ್ರದ ಪರದೆಯ ಮೇಲಿನ ಎರಡು ಗೆರೆಗಳ ನಡುವಿನ ಅಂತರ ಹೇಳುತ್ತದೆ. ಬಿಸಿ ಏರಿದಂತೆ ಸಾಲು ಸಡಿಲಾಗಿ ಗೆರೆಗಳು ಹತ್ತಿರ ಸರಿಯುತ್ತವೆ. ಒಂದು ಹಂತ ದಾಟಿದರೆ ದ್ರವ ನೀರಿನಂತೆ ತಿಳಿಯಾಗಿ, ಒಂದೇ ಗೆರೆ ಉಳಿಯುತ್ತದೆ.

ವಿಜಯಪುರದ ಕಡೆಯ ಹುಡುಗಿಯೊಬ್ಬಳು ಇದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಯಂತ್ರ ನಡೆಸುವವಳಾದ್ದರಿಂದ ಅಳತೆ ನನ್ನದು, ವಿಚಾರ ಅವಳದು. ಪ್ರಬಂಧ ಸಲ್ಲಿಸಲು ವಾರವಿದ್ದಾಗ ನಕ್ಷೆ ತಂದು ತೋರಿಸಿದಳು. ಬಿಸಿ ಏರಿದಂತೆ ಅಂತರ ಕಡಿಮೆಯಾಗುವುದನ್ನು ತೋರಿಸುತ್ತ ಇಳಿದು ಬಂದ ನಕ್ಷೆಯ ಗೆರೆಗೆ ನಡುವೆ ಒಂದು ಗೂನು.

“ನೋಡ್ರಿ ಅಕ್ಕಾರ, ಇಲ್ಲಿ ಎಷ್ಟು ಕಾಸಿದ್ರೂ ನಮ್ಮ ಅಣು ಸಾಲು ಬಿಡವಲ್ದು! ಭಾಳ ಹಟಮಾರಿ ಅದ. ಇದರ ಮ್ಯಾಲೇ ಒಂದು ಅಧ್ಯಾಯ ಬರದೀನಿ.”

ಗೂನಿನ ಮೂರು ಚುಕ್ಕೆಗಳೂ ಒಂದೇ ಮಧ್ಯಾಹ್ನದವು. ಅಂದು ಅತ್ತೆಯವರನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಮನೆಗೆ ಹೋಗಲು ಕೋಥರೂಡಿನ ಬಸ್ಸು ಹಿಡಿಯುವ ಅವಸರದಲ್ಲಿ ಐದೈದು ನಿಮಿಷಕ್ಕೇ ಅಳೆದು ಎದ್ದಿದ್ದೆ. ಯಂತ್ರ ಹೊಸ ಉಷ್ಣಾಂಶ ತೋರಿಸುತ್ತಿತ್ತು. ನಳಿಗೆಯೊಳಗಿನ ದ್ರವ ಇನ್ನೂ ಅಷ್ಟು ಬಿಸಿಯಾಗಿರಲಿಲ್ಲ, ಅದಕ್ಕೇ ಸಾಲು ಸಡಿಲಾಗಿರಲಿಲ್ಲ. ವಹಿಯಲ್ಲಿ ಮಾತ್ರ ನನ್ನದೇ ಅಕ್ಷರದಲ್ಲಿ ಮೂವತ್ತು.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಲೋಟ ನೀರು ಕುಡಿದು ಬಂದು, “ತಂಗೀ, ಅದು ಅಣುವಿನ ಹಟ ಅಲ್ಲವ್ವ, ನನ್ನ ತಪ್ಪು,” ಎಂದು ಎಲ್ಲ ಹೇಳಿದೆ.

ಅವಳು ನಕ್ಷೆಯ ಗೂನಿನ ಮೇಲೆ ಬೆರಳಿಟ್ಟಳು. “ನಮಗೆಲ್ಲ ಕಾಯ್ರಿ ಕಾಯ್ರಿ ಅನ್ನಾವ್ರು ನೀವ ಅಲ್ರಿ?” ಅಂದಳು. ಆಮೇಲೆ, “ಗೈಡ್ ಸರ್ ಮುಂದ ನೀವ ಹೇಳ್ರಿ. ನನ್ನ ಕೈಲೆ ಆಗಂಗಿಲ್ಲ.”

ಗೈಡ್ ಸಾಹೇಬರು ಮರಾಠಿಯವರು; ಅವರ ಕೋಣೆಯಲ್ಲಿ ಮರಾಠಿಯಲ್ಲಿ ನಾನೇ ಹೇಳಿದೆ. ಅವಳು ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದಳು. ಮರುದಿನ ಮತ್ತೆ ಅಳೆದೆವು. ಗೂನು ಇರಲಿಲ್ಲ. ಅಧ್ಯಾಯ ಹೋಯಿತು, ಪ್ರಬಂಧ ಎರಡು ತಿಂಗಳು ತಡವಾಯಿತು. ಅಚ್ಚಾದ ಪ್ರತಿಯ ಕೃತಜ್ಞತೆಯ ಪುಟದಲ್ಲಿ, ತಾಳ್ಮೆಯಿಂದ ಅಳೆದುಕೊಟ್ಟವರೆಂದು ನನ್ನ ಹೆಸರು ಹಾಕಿದ್ದಳು. ಆ ಸಾಲನ್ನು ನಾನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.