ನಲವತ್ತೋ ಅರವತ್ತೋ

ಮೊನ್ನೆ ಸೋಫಾ ಸರಿಸಿ ವ್ಯಾಕ್ಯೂಮ್ ಮಾಡುವಾಗ ಮಕ್ಕಳ ಲೂಡೋ ದಾಳವೊಂದು ಉರುಳಿ ಬಂತು. ತಿರುಗಿಸಿ ನೋಡಿದೆ. ಒಂದರ ಹಿಂದೆ ಆರು, ಮೂರರ ಹಿಂದೆ ನಾಲ್ಕು... ಪ್ಯಾರಮಟ್ಟಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಅಂಕಲ್ ಕಣ್ಮುಂದೆ ಬಂದರು.

ಮಂಗಳೂರಿನ ಕಡೆಯ ಕ್ರೈಸ್ತರು, ಲ್ಯಾಟಿನ್ ಮೇಷ್ಟರಾಗಿದ್ದವರು. ಆಂಟಿ ನಲವತ್ತು ದಾಟುವ ಹೊತ್ತಿಗೇ ತೀರಿಕೊಂಡಿದ್ದರಂತೆ. ರೋಮನ್ನರಿಗಿಂತ ಮುಂಚೆ ಇಟಲಿಯಲ್ಲಿದ್ದ ಎಟ್ರಸ್ಕನ್ ಜನರ ಸಮಾಧಿ ಬರಹಗಳೇ ಅಂಕಲ್‌ಗೆ ಊಟ, ನಿದ್ದೆ ಎಲ್ಲ. ಆ ಭಾಷೆಯ ಅಕ್ಷರ ಓದಲು ಬರುತ್ತದೆ, ಅರ್ಥ ಮಾತ್ರ ಪೂರ್ತಿ ಸಿಗುವುದಿಲ್ಲ.

ಒಂದು ಸಮಾಧಿಯಲ್ಲಿ ಒಬ್ಬ ಹೆಂಗಸಿನ ವಯಸ್ಸು ಕೆತ್ತಿತ್ತು. ಅದು ನಲವತ್ತೋ ಅರವತ್ತೋ ಗೊತ್ತಿಲ್ಲ. ಚುಕ್ಕಿಗಳ ಬದಲು ಸಂಖ್ಯೆಯ ಪದಗಳನ್ನೇ ಬರೆದ ಹಳೆಯ ದಾಳವೊಂದು ಸಿಕ್ಕಿತ್ತು. ನಮ್ಮ ಐದರಿಂದ ಐವತ್ತು ಆಗುವ ಹಾಗೆ, ಅದರಲ್ಲಿ ಮೂರರ ಎದುರಿಗಿದ್ದ ಪದದಿಂದಲೇ ಸಮಾಧಿಯಲ್ಲಿ ಅವಳ ವಯಸ್ಸು ಬರೆದಿದ್ದರು. ನಮ್ಮ ದಾಳದ ಹಾಗೆ ಎದುರುಬದುರು ಕೂಡಿದರೆ ಏಳು ಬರಬೇಕೆಂದರೆ ಆ ಪದ ನಾಲ್ಕು, ಅವಳಿಗೆ ನಲವತ್ತು. ಎದುರುಬದುರಿಗೆ ಮೂರರ ಅಂತರವಿಡುವ ಬೇರೆ ಪದ್ಧತಿಯಾದರೆ ಆರು, ಅವಳಿಗೆ ಅರವತ್ತು.

ನಮ್ಮಲ್ಲಿ ಗಂಡನಿಗೆ ಅರವತ್ತು ತುಂಬಿದಾಗ ಹೆಂಡತಿಗೆ ಮತ್ತೆ ತಾಳಿ ಕಟ್ಟಿಸುತ್ತೇವೆ ಎಂದು ಒಮ್ಮೆ ಹೇಳಿದ್ದೆ. ಅವರು ನಮ್ಮ ದೇವರ ಪಟದ ಕಡೆ ತಿರುಗಿದರು. ಆಮೇಲೆ, "ನಿಮ್ಮ ದೇವರಿಗೆ ಅಷ್ಟು ಕೈ ಉಂಟಲ್ಲ ಮಾರಾಯ್ರೆ, ಬೆರಳು ಮಡಚಿ ಆ ಹೆಂಗಸಿನ ವಯಸ್ಸು ಲೆಕ್ಕ ಮಾಡಿ ಹೇಳ್ಲಿಕ್ಕೆ ಹೇಳಿ" ಎಂದು ನಕ್ಕರು. ನಾನು ನಿಜವಾಗಿಯೂ ದಿನಾ ದೀಪ ಹಚ್ಚಿ, ಅವಳಿಗೆ ಅರವತ್ತಾಗಿರಲಪ್ಪ ಎಂದು ಕೇಳಿಕೊಳ್ಳುತ್ತಿದ್ದೆ.

ಆ ಜನರ ಬೇರೆ ದಾಳಗಳ ಚಿತ್ರಗಳನ್ನೆಲ್ಲ ತರಿಸಿ, ವರ್ಷಗಟ್ಟಲೆ ಹೋಲಿಸಿ ನೋಡಿದ ಮೇಲೆ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದರು.

"ಹೆಚ್ಚಿನ ದಾಳಗಳಲ್ಲಿ ಮೂರರ ಎದುರು ನಾಲ್ಕೇ ಉಂಟು. ನಲವತ್ತೇ ಅಂತ ಕಾಣ್ತದೆ. ನನಗೆ ಅರವತ್ತು ಬೇಕಿತ್ತು. ಬೇಕು ಅಂತ ಹಾಗೆ ಬರೀಲಿಕ್ಕೆ ಆಗ್ತದಾ?"

ಇರುವುದರಲ್ಲೇ ಸಮಾಧಾನ ಹುಡುಕುವುದು ನನ್ನ ಅಭ್ಯಾಸ. "ನಲವತ್ತಾದ್ರೂ ಕೊಟ್ನಲ್ಲ ದೇವರು, ಅಂಕಲ್" ಅಂದೆ.

"ಸಾಕಾಗ್ಲಿಲ್ಲ" ಎಂದರು. ಕಾಫಿಗೂ ಕೂರದೆ ಹೋದರು.

ಆಮೇಲೆ ಮಗಳು ಅವರನ್ನು ಮೆಲ್ಬರ್ನಿಗೆ, ಕ್ರಾನ್‌ಬರ್ನ್‌ನ ತನ್ನ ಮನೆಗೆ ಕರೆದುಕೊಂಡು ಹೋದಳು. ಆ ಪುಸ್ತಕಗಳನ್ನು ಅವರು ಮತ್ತೆ ತೆರೆಯಲೇ ಇಲ್ಲವಂತೆ. ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಿದ್ದರಂತೆ... ಹೋದ ಚಳಿಗಾಲದಲ್ಲಿ ಅವಳೇ ಫೋನ್ ಮಾಡಿ, ಅಪ್ಪ ಹೋದರು ಎಂದಳು.

ಈಗಲೂ ದಿನಾ ದೀಪ ಹಚ್ಚುತ್ತೇನೆ. ಗಂಡನಿಗೆ, ಮಕ್ಕಳಿಗೆ ಆಯಸ್ಸು ಕೇಳುತ್ತೇನೆ. ಆ ಹೆಂಗಸಿಗೆ ಕೇಳುವುದನ್ನು ಮಾತ್ರ ಬಿಟ್ಟಿದ್ದೇನೆ. ಮುಗಿದುಹೋದ ಆಯಸ್ಸನ್ನು ಯಾವ ದೇವರು ತಾನೇ ಬೆಳೆಸುತ್ತಾನೆ?